ಮರೆವಿಗೆ ಮೊದಲೇ ಮಾತು ಸೋತಾಗ

ಪ್ರೈಮರಿ ಪ್ರೋಗ್ರೆಸಿವ್ ಅಫೇಸಿಯಾದಲ್ಲಿ ಮೊದಲು ಸೋಲುವುದು ಮಾತು. ನಿನ್ನೆ ಮನೆಗೆ ಯಾರು ಬಂದಿದ್ದರು, ಯಾವ ಸ್ಟಾಪಿನಲ್ಲಿ ಇಳಿಯಬೇಕು, ಈ ತಿಂಗಳ ಕರೆಂಟ್ ಬಿಲ್ ಕಟ್ಟಿದ್ದಾಗಿದೆಯೇ ಎಂಬುದೆಲ್ಲ ಸರಿಯಾಗಿ ನೆನಪಿರುವ ಮನುಷ್ಯನಿಗೆ ಕೈಯಲ್ಲಿರುವ ಸೌಟಿನ ಹೆಸರು ಬಾಯಿಗೆ ಬರುವುದಿಲ್ಲ. ಪಾರ್ಶ್ವವಾಯುವಿನ ಹಾಗೆ ಇದು ಒಂದೇ ಗಳಿಗೆಯಲ್ಲಿ ಎರಗುವ ಕಾಯಿಲೆಯಲ್ಲ. ಮಿದುಳಿನಲ್ಲಿ, ಹೆಚ್ಚಿನವರಲ್ಲಿ ಅದರ ಎಡಭಾಗದಲ್ಲಿ, ಭಾಷೆಯನ್ನು ನೋಡಿಕೊಳ್ಳುವ ಜಾಗಗಳು ವರ್ಷಗಟ್ಟಲೆ ಸವೆಯುತ್ತ ಹೋಗುತ್ತವೆ. ಆರಂಭ ಸಾಮಾನ್ಯವಾಗಿ ಅರವತ್ತರ ಆಸುಪಾಸು, ಎಷ್ಟೋ ಸಲ ಅದಕ್ಕೂ ಮೊದಲು. ‘ವಯಸ್ಸಾಯ್ತಲ್ಲ’, ‘ಏನೋ ಟೆನ್ಷನ್ ಇರಬೇಕು’ ಎನ್ನುತ್ತಲೇ ಮನೆಯವರು ಒಂದೆರಡು ವರ್ಷ ಕಳೆದುಬಿಡುತ್ತಾರೆ.

ಮಿದುಳು ಸವೆದು ಮಾತು ಹೋಗುವುದನ್ನು ಪ್ರಾಗ್‌ನ ವೈದ್ಯ ಆರ್ನಾಲ್ಡ್ ಪಿಕ್ 1892ರಲ್ಲೇ ದಾಖಲಿಸಿದ್ದರು. ಆದರೆ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ವೈದ್ಯಲೋಕ ಗುರುತಿಸಿದ್ದು 1982ರಲ್ಲಿ, ಅಮೆರಿಕದ ನರರೋಗ ತಜ್ಞ ಮಾರ್ಸೆಲ್ ಮೆಸುಲಂ ಇಂಥ ಆರು ರೋಗಿಗಳ ವಿವರ ಪ್ರಕಟಿಸಿದ ಮೇಲೆ. ಜನಸಾಮಾನ್ಯರ ಕಿವಿಗೆ ಅಫೇಸಿಯಾ ಎಂಬ ಪದ ಬಿದ್ದದ್ದು ಇನ್ನೂ ತಡವಾಗಿ: 2022ರಲ್ಲಿ ಹಾಲಿವುಡ್ ನಟ ಬ್ರೂಸ್ ವಿಲ್ಲಿಸ್ ನಟನೆಯಿಂದ ದೂರ ಸರಿಯುತ್ತಿರುವುದಕ್ಕೆ ಅವರ ಕುಟುಂಬ ಕೊಟ್ಟ ಕಾರಣ ಅದು. ಮರುವರ್ಷ ಅವರದು ಮಿದುಳಿನ ಮುಂಭಾಗ ಮತ್ತು ಪಕ್ಕದ ಭಾಗಗಳು ಸವೆಯುವ ಫ್ರಂಟೋಟೆಂಪೊರಲ್ ಡಿಮೆನ್ಷಿಯಾ ಎಂದು ಖಚಿತವಾಯಿತು.

2011ರಲ್ಲಿ ತಜ್ಞರು ಒಪ್ಪಿಕೊಂಡ ವರ್ಗೀಕರಣದ ಪ್ರಕಾರ ಈ ಕಾಯಿಲೆಗೆ ಮೂರು ರೂಪಗಳಿವೆ. ಮೊದಲನೆಯದರಲ್ಲಿ ಉಚ್ಚಾರಣೆ ತಡವರಿಸುತ್ತದೆ, ವ್ಯಾಕರಣ ಕುಸಿಯುತ್ತದೆ. ಬಿಡಿ ಪದಗಳ ಅರ್ಥ ಮಾತ್ರ ಉಳಿದಿರುತ್ತದೆ. ಎರಡನೆಯದು ಇದಕ್ಕೆ ತದ್ವಿರುದ್ಧ. ಮಾತು ಸರಾಗ, ವ್ಯಾಕರಣ ಶುದ್ಧ, ಆದರೆ ಪದಗಳ ಅರ್ಥವೇ ಅಳಿಸಿಹೋಗುತ್ತದೆ. ‘ಜರಡಿ ತಗೊಂಡು ಬನ್ನಿ’ ಎಂದರೆ ‘ಜರಡಿ ಅಂದ್ರೆ ಏನು?’ ಎಂಬ ಪ್ರಶ್ನೆ ಬರುತ್ತದೆ. ಕಾಯಿಲೆ ಬಲಿತಂತೆ ಜರಡಿಯನ್ನು ಕೈಗೆ ಕೊಟ್ಟರೂ ಅದರ ಉಪಯೋಗ ಹೊಳೆಯುವುದಿಲ್ಲ. ಮೂರನೆಯ ರೂಪದಲ್ಲಿ ಅರ್ಥ ಗೊತ್ತಿದೆ, ಪದ ಸಿಗುವುದಿಲ್ಲ. ‘ಅದೇ... ಆ ಇದು...’ ಎಂದು ತಡಕಾಟ. ಉದ್ದದ ವಾಕ್ಯ ಹೇಳಿ ಹಾಗೆಯೇ ತಿರುಗಿ ಹೇಳಲು ಕೇಳಿದರೆ ಅರ್ಧಕ್ಕೇ ಜಾರಿಹೋಗುತ್ತದೆ. ಈ ಮೂರನೆಯದರ ಬೆನ್ನಿಗೆ ಹೆಚ್ಚಾಗಿ ಇರುವುದು ಅಲ್ಝೈಮರ್ ಕಾಯಿಲೆಯೇ. ಉಳಿದೆರಡರಲ್ಲಿ ಮಿದುಳಿನಲ್ಲಿ ಜಮೆಯಾಗುವ ಪ್ರೋಟೀನುಗಳು ಬಹುತೇಕ ಬೇರೆ. ಆದ್ದರಿಂದ ಯಾವ ರೂಪ ಎಂದು ತಿಳಿಯುವುದು ಚಿಕಿತ್ಸೆಯ ದೃಷ್ಟಿಯಿಂದಲೂ ಮುಖ್ಯ.

ಕನ್ನಡಿಗರ ಮಟ್ಟಿಗೆ ತೊಡಕಿರುವುದು ಇಲ್ಲೇ. ಈ ಲಕ್ಷಣಗಳನ್ನು ಬಹುಪಾಲು ಇಂಗ್ಲಿಷ್ ಮಾತಾಡುವವರನ್ನು ನೋಡಿ ಪಟ್ಟಿ ಮಾಡಲಾಗಿದೆ. ಎರಡನೆಯ ರೂಪವನ್ನು ಗುರುತಿಸಲು ಮಾನದಂಡ ಹೇಳುವ ನಾಲ್ಕು ಪೂರಕ ಲಕ್ಷಣಗಳಲ್ಲಿ ಒಂದು ಓದಿಗೆ ಸಂಬಂಧಿಸಿದ್ದು: ‘ಪೈಂಟ್’ ಎಂದು ಓದಬೇಕಾದ ಇಂಗ್ಲಿಷ್ ಪದವನ್ನು ರೋಗಿ ಕಾಗುಣಿತ ನಂಬಿ ‘ಪಿಂಟ್’ ಎಂದು ಓದುತ್ತಾನೆ. ಬರೆದಂತೆಯೇ ಓದುವ ಕನ್ನಡದಲ್ಲಿ ಈ ಪರೀಕ್ಷೆಗೆ ಅವಕಾಶವೇ ಇಲ್ಲ. ಅರ್ಥ ಪೂರಾ ಕಳೆದುಕೊಂಡವರೂ ಪತ್ರಿಕೆಯ ತಲೆಬರಹವನ್ನು ತಪ್ಪಿಲ್ಲದೆ ಓದಬಲ್ಲರು, ‘ಚೆನ್ನಾಗೇ ಓದ್ತಾರಲ್ಲ’ ಎಂದು ಮನೆಯವರು ಸಮಾಧಾನಪಡಬಲ್ಲರು.

ವ್ಯಾಕರಣದ ತಪ್ಪು ಹಿಡಿಯುವುದು ಇನ್ನೂ ಸೂಕ್ಷ್ಮದ ಕೆಲಸ. ಇಂಗ್ಲಿಷಿನಲ್ಲಿ ಬಿಟ್ಟುಹೋಗುವ ಪುಟ್ಟ ಪದಗಳ ಕೆಲಸವನ್ನು ಕನ್ನಡದಲ್ಲಿ ಹೆಚ್ಚಾಗಿ ಪ್ರತ್ಯಯಗಳು ಮಾಡುತ್ತವೆ. ‘ಪುಸ್ತಕ ಕೊಡು’ ಎಂದು ವಿಭಕ್ತಿ ಬಿಟ್ಟು ಹೇಳುವುದು ದಿನನಿತ್ಯದ ಮಾತು; ‘ಅವಳು ಬಂದನು’ ಎಂಬುದು ಎಚ್ಚರಿಕೆಯ ಗಂಟೆ. ಧಾರವಾಡದ ಮಾತು, ಮಂಗಳೂರಿನ ಮಾತು, ಮೈಸೂರಿನ ಮಾತು ಬಲ್ಲವರಿಗಷ್ಟೇ ಯಾವುದು ರೂಢಿ, ಯಾವುದು ರೋಗ ಎಂದು ಹೇಳಲು ಸಾಧ್ಯ. ‘ಈ ಮೂರು ಪದ ನೆನಪಿಟ್ಟುಕೊಳ್ಳಿ’ ಎಂಬಂಥ ಸಾಮಾನ್ಯ ಪರೀಕ್ಷೆಯಂತೂ ಈ ರೋಗಿಗಳ ವಿಷಯದಲ್ಲಿ ದಾರಿ ತಪ್ಪಿಸುತ್ತದೆ: ಸೋತದ್ದು ಮಾತು, ಅಂಕ ಕಳೆಯುವುದು ನೆನಪಿನ ಲೆಕ್ಕದಲ್ಲಿ.

ಮನೆಯಲ್ಲಿ ತುಳುವೋ ಕೊಂಕಣಿಯೋ ಉರ್ದುವೋ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಎನ್ನುವವರು ಇಲ್ಲಿ ಲಕ್ಷಗಟ್ಟಲೆ. ಅವರನ್ನು ಒಂದೇ ಭಾಷೆಯಲ್ಲಿ ಅಳೆದರೆ ತೀರ್ಪು ಅರೆಬರೆಯಾಗುತ್ತದೆ. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಷಿಯಾ ರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು; ಓದುಬರಹ ತಿಳಿಯದವರಲ್ಲೂ ಈ ಅಂತರ ಇತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕನ್ನಡವೂ ಸೇರಿ ಐದು ಭಾಷೆಗಳಿಗೆ ಪರೀಕ್ಷಾ ಸಾಧನಗಳನ್ನು ರೂಪಿಸಿದೆ. ಅವು ನಿಮ್ಹಾನ್ಸ್‌ನಂಥ ದೊಡ್ಡ ಸಂಸ್ಥೆಗಳಾಚೆ ಜಿಲ್ಲಾ ಆಸ್ಪತ್ರೆಗಳಲ್ಲೂ ದಿನನಿತ್ಯ ಬಳಕೆಯಾಗಬೇಕು.

ಮರೆವು ಮುಂದಾಗಿ ಕಾಣದ ಡಿಮೆನ್ಷಿಯಾಗಳು ಇನ್ನೂ ಇವೆ. ನಡವಳಿಕೆ ಮೊದಲು ಕೆಡುವ ಫ್ರಂಟೋಟೆಂಪೊರಲ್ ಬಗೆಯಲ್ಲಿ ಸಂಕೋಚದ ಮನುಷ್ಯ ನಾಚಿಕೆ ಬಿಡುತ್ತಾನೆ, ಮನೆಯವರ ನೋವಿಗೆ ಮರುಗುವುದಿಲ್ಲ. ಮನೆಯಲ್ಲಿ ಜಗಳವಾಗುತ್ತದೆ, ಕಾಯಿಲೆ ಯಾರಿಗೂ ಹೊಳೆಯುವುದಿಲ್ಲ. ಮಿದುಳಿನ ಹಿಂಭಾಗ ಸವೆದರೆ ಕಣ್ಣು ಸರಿಯಿದ್ದೂ ಕಂಡದ್ದು ಅರ್ಥವಾಗದು. ಕಾದಂಬರಿಕಾರ ಟೆರಿ ಪ್ರ್ಯಾಚೆಟ್‌ ಅವರಿಗೆ 2007ರಲ್ಲಿ ಪತ್ತೆಯಾದದ್ದು ಇದು.

60 ದಾಟಿದ ಭಾರತೀಯರಲ್ಲಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಅವರಲ್ಲಿ ಮಾತು ಮೊದಲು ಕಳೆದುಕೊಂಡವರು ಸಣ್ಣ ಪಾಲು. ಆದರೂ ಅವರಿಗೆ ಕಾಲದ ಬೆಲೆ ಹೆಚ್ಚು. ಕಾಯಿಲೆಯನ್ನು ನಿಲ್ಲಿಸುವ ಔಷಧ ಇಲ್ಲ, ವಾಕ್ ಚಿಕಿತ್ಸೆ ಒಂದಷ್ಟು ಕಾಲ ಆಸರೆ. ಮಾತು ಇನ್ನೂ ಇರುವಾಗಲೇ ಧ್ವನಿ ರೆಕಾರ್ಡ್ ಮಾಡಿಟ್ಟುಕೊಳ್ಳುವುದು, ಬಳಸುವ ವಸ್ತುಗಳ, ಬಂಧುಗಳ ಚಿತ್ರ ಅಂಟಿಸಿದ ಪುಸ್ತಕ ಮಾಡುವುದು, ಬ್ಯಾಂಕು, ಆಸ್ತಿ, ಮುಂದಿನ ಚಿಕಿತ್ಸೆಯ ಬಗ್ಗೆ ರೋಗಿಯ ಇಷ್ಟವನ್ನು ಅವರಿಂದಲೇ ಕೇಳಿ ಬರೆಸುವುದು ಮೊದಲ ಒಂದೆರಡು ವರ್ಷಗಳಲ್ಲಿ ಆಗಬೇಕಾದ ಕೆಲಸಗಳು. ಉಚ್ಚಾರಣೆ ಕೆಡುವ ಮೊದಲ ರೂಪದಲ್ಲಿ ಮುಂದೆ ನುಂಗುವುದೂ ಕಷ್ಟವಾಗುವುದರಿಂದ ಊಟದ ಬಗ್ಗೆಯೂ ವಾಕ್ ತಜ್ಞರ ಸಲಹೆ ಬೇಕಾಗುತ್ತದೆ.