ಟಿಪ್ಪರ್‌ಗೆ ತೆರೆಯುವ ಗೇಟು, ಸೈಕಲ್‌ಗೆ ಬೀಗ



ಮಂಗಳವಾರದ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಮ್ಮ ನಾಲೆ ಏರಿಗೆ ಗೇಟು ಹಾಕಿದ ಸುದ್ದಿ ಬಂದಿದೆ. ‘ಸೈಕಲ್ ಸವಾರರ ಸುರಕ್ಷತೆಗೆ ಕ್ರಮ’ ಅನ್ನುವ ತಲೆಬರಹ ಓದಿ ನನ್ನ ಅಂಗಡಿ ಮುಂದೆ ಕೂತಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ನಾಲೆ ನೋಡಿಕೊಳ್ಳುವ ಸಾಹೇಬರು ಏರಿಯ ಬಾಯಿಗೆ ಗೇಟು ಹಾಕಿಸಿ, ಸೈಕಲ್ ಸವಾರರು ಒಳಗೆ ಹೋಗದಂತೆ ಬೀಗ ಜಡಿಸಿದ್ದಾರೆ. ನಿಮ್ಮ ವರದಿಗಾರರು ಬಂದು ಫೋಟೊ ತೆಗೆದುಕೊಂಡು, ಸಾಹೇಬರ ಹೇಳಿಕೆ ಬರೆದುಕೊಂಡು ಹೋಗಿದ್ದಾರೆ. ಆದರೆ ಅವರು ಬಂದದ್ದು ಮಧ್ಯಾಹ್ನ. ಆ ಹೊತ್ತಲ್ಲಿ ಗೇಟು ಮುಚ್ಚಿರುತ್ತದೆ, ಫೋಟೊಗೆ ಚೆನ್ನಾಗಿ ಕಾಣುತ್ತದೆ. ಬೆಳಗಿನ ಜಾವ ಬಂದಿದ್ದರೆ ಅದು ಯಾರಿಗೆ ತೆರೆಯುತ್ತದೆ, ಯಾರಿಗೆ ತೆರೆಯುವುದಿಲ್ಲ ಅನ್ನುವುದು ಅವರಿಗೂ ಕಾಣುತ್ತಿತ್ತು.

ಮೊನ್ನೆ ಭಾನುವಾರ ಆರೂವರೆಗೆ ಮೈಸೂರಿನಿಂದ ಏಳೆಂಟು ಜನ ಸೈಕಲ್‌ನಲ್ಲಿ ಬಂದರು. ಇಬ್ಬರು ಹೆಣ್ಣುಮಕ್ಕಳು, ಒಬ್ಬರು ಅರವತ್ತು ದಾಟಿದ ಹಿರಿಯರು. ಏರಿಯ ಬಾಯಲ್ಲಿ ಕಬ್ಬಿಣದ ಪೈಪಿನ ಗೇಟು. ಪಕ್ಕದಲ್ಲಿ ನುಸುಳಿಕೊಂಡು ಹೋದಾರು ಅಂತ ಜೆಸಿಬಿಯಲ್ಲಿ ತೋಡಿದ ಗುಂಡಿ. ಗುಂಡಿ ದಾಟಿಯಾರು ಅಂತ ಅದರಾಚೆ ಜಾಲಿ ಮುಳ್ಳಿನ ಕೊಂಬೆ. ಇಷ್ಟು ಮುತುವರ್ಜಿಯಿಂದ ನಮ್ಮ ತಾಲ್ಲೂಕಿನಲ್ಲಿ ಒಂದು ಚರಂಡಿಯ ಕೆಲಸವಾದರೂ ಆಗಿದ್ದನ್ನು ನಾನು ಕಂಡಿಲ್ಲ. ಕಾವಲಿಗಿದ್ದ ಹುಡುಗ ‘ಸಾಹೇಬ್ರು ಹೇಳವ್ರೆ, ಯಾರ್ನೂ ಬಿಡಂಗಿಲ್ಲ’ ಅಂದ. ಸರಿ, ಕಾನೂನು ಅಂದರೆ ಕಾನೂನು ಅಂತ ಅವರು ಸೈಕಲ್ ತಿರುಗಿಸುತ್ತಿದ್ದರು. ಅಷ್ಟರಲ್ಲಿ ಹಿಂದಿನಿಂದ ಮಣ್ಣು ತುಂಬಿದ ಟಿಪ್ಪರ್ ಒಂದು ಹಾರನ್ ಹೊಡೆಯಿತು. ಹುಡುಗ ಓಡಿಬಂದು ಬೀಗ ತೆಗೆದ. ಟಿಪ್ಪರ್ ಧೂಳೆಬ್ಬಿಸಿಕೊಂಡು ಒಳಗೆ ಹೋಯಿತು, ಹುಡುಗ ಮತ್ತೆ ಬೀಗ ಹಾಕಿದ. ಇದೇನಪ್ಪಾ ಅಂತ ಆ ಹಿರಿಯರು ಕೇಳಿದ್ದಕ್ಕೆ ಸಿಕ್ಕ ಉತ್ತರ: ‘ಅದು ಕೆಲಸದ ಗಾಡಿ ಸಾರ್, ನಿಮ್ದು ಶೋಕಿ.’

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಹೇಳಿಕೊಟ್ಟದ್ದನ್ನು ಒಪ್ಪಿಸಿದ. ಹೇಳಿಕೊಟ್ಟವರಿಗೆ ನನ್ನ ಪ್ರಶ್ನೆ ಇದೆ. ನಾಲೆ ಏರಿ ಸಾರ್ವಜನಿಕ ರಸ್ತೆಯಲ್ಲ, ನಾಲೆಯ ತಪಾಸಣೆಗೆ ಬಿಟ್ಟ ದಾರಿ ಅಂತ ನಿಮ್ಮ ವರದಿಯಲ್ಲಿ ಹೇಳಿದ್ದಾರೆ. ಒಪ್ಪಿದೆ. ಹಾಗಾದರೆ ಆ ಟಿಪ್ಪರ್ ಏನು ತಪಾಸಣೆ ಮಾಡಲು ಹೋಯಿತು? ತೂಬಿನ ಪಕ್ಕ ಹೋಗಿ ನೋಡಿ. ಚಕ್ರದ ಜಾಡು ಮೊಣಕಾಲುದ್ದ ಇಳಿದಿದೆ. ಅಂಚಿನ ಮಣ್ಣು ಕುಸಿದು, ನಾಲೆಯ ಒಳಮೈಗೆ ಹಾಕಿದ ಕಾಂಕ್ರೀಟ್ ಚಪ್ಪಡಿಯೊಂದು ಜಾರಿ ಓರೆಯಾಗಿ ನಿಂತಿದೆ. ಹದಿನೈದು ಕೆಜಿಯೂ ತೂಗದ ಸೈಕಲ್ ಇದನ್ನು ಮಾಡಿತೆಂದು ಯಾರಾದರೂ ಎಂಜಿನಿಯರ್ ಬರೆದುಕೊಟ್ಟರೆ ನನ್ನ ಅಂಗಡಿಗೆ ನಾನೇ ಬೀಗ ಹಾಕುತ್ತೇನೆ.

ಸುರಕ್ಷತೆಯ ಮಾತಿಗೆ ಬರೋಣ. ನಾಲೆಗೆ ಬಿದ್ದು ಜನ ಸಾಯುತ್ತಾರೆ ಅನ್ನುವುದನ್ನು ಮಂಡ್ಯ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ವಿಶ್ವೇಶ್ವರಯ್ಯ ನಾಲೆಗೆ ಬಸ್ಸು ಬಿದ್ದು 30 ಜನ ಹೋದರು, ಅದರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳಿದ್ದರು. ಅದಾದ ಮೇಲೂ ಕಾರುಗಳು ಬಿದ್ದಿವೆ. ಬಿದ್ದದ್ದೆಲ್ಲ ಎಂಜಿನ್ ಇರುವ ಗಾಡಿ. ಬೇಕಾಗಿದ್ದದ್ದು ಗಾಡಿ ಓಡಾಡುವ ಕಡೆ ತಡೆಗೋಡೆ. ಅಲ್ಲಿ ಗೋಡೆ ಕಟ್ಟಿ ಅಂದರೆ ಇಲ್ಲಿ ಬಂದು ಸೈಕಲ್‌ಗೆ ಗೇಟು ಹಾಕಿ ‘ಕ್ರಮ ಕೈಗೊಳ್ಳಲಾಗಿದೆ’ ಅನ್ನುತ್ತಾರೆ.

ಊರಿನವರಿಗೆ ಈ ದಾರಿಯ ಬೆಲೆ ಗೊತ್ತಿಲ್ಲ, ಮೈಸೂರು ಬೆಂಗಳೂರಿನವರಿಗೆ ಗೊತ್ತು. ಅಲ್ಲಿ ಈಗ ‘ಗ್ರಾವೆಲ್ ಬೈಕ್’ ಅಂತ ಬಂದಿದೆ. ರೇಸ್ ಸೈಕಲ್ ಥರ ಬಗ್ಗಿದ ಹ್ಯಾಂಡಲ್, ಆದರೆ ಟೈರು ನಲವತ್ತು ಮಿಲಿಮೀಟರ್ ಅಗಲ. ಗಾಳಿ ನಲವತ್ತು ಪಿಎಸ್‌ಐ ಇದ್ದರೆ ಹೆಚ್ಚು. ಡಾಂಬರು ಬೇಡ, ಲಾರಿ ಬೇಡ, ಮಣ್ಣಿನ ದಾರಿ ಇದ್ದರೆ ಸಾಕು ಅಂತ ಹುಡುಕಿಕೊಂಡು ಬರುತ್ತಾರೆ. ಅದಕ್ಕೆ ನಾಲೆ ಏರಿಗಿಂತ ಒಳ್ಳೆಯ ಜಾಗ ಎಲ್ಲಿದೆ? ನೀರು ತಾನಾಗಿ ಹರಿಯಬೇಕೆಂದು ನಾಲೆಯನ್ನು ಗುಡ್ಡದ ಮೈ ಹಿಡಿದು, ಇದ್ದೂ ಇಲ್ಲದಷ್ಟು ಇಳಿಜಾರಿನಲ್ಲಿ ಸುತ್ತಿಸಿ ತಂದಿರುತ್ತಾರೆ. ಆದ್ದರಿಂದ ಪಕ್ಕದ ದಾರಿಗೂ ಏರಿಲ್ಲ, ಇಳಿವಿಲ್ಲ. ಎಂಟು ವರ್ಷದ ಮಗುವೂ ತುಳಿಯಬಹುದು. ಒಂದು ಕಡೆ ಸರದಿಯ ಕಟ್ಟು ನೀರು ಬಿಟ್ಟಾಗ ತುಂಬಿ ಹರಿಯುವ ನಾಲೆ, ಇನ್ನೊಂದು ಕಡೆ ತಗ್ಗಿನಲ್ಲಿ ಭತ್ತದ ಬಯಲು, ಕಬ್ಬು. ಆಲೆಮನೆಯವರು ಕೊಪ್ಪರಿಗೆಯಿಂದ ಅಚ್ಚಿಗೆ ಸುರಿಯುವ ಮೊದಲು ಮುತ್ತುಗದ ಎಲೆಯಲ್ಲಿ ಒಂದಿಷ್ಟು ಬಿಸಿ ಬೆಲ್ಲ ಕೊಟ್ಟರೆ ಆ ಪೇಟೆ ಜನ ಬೆರಳು ಸುಟ್ಟುಕೊಂಡು ತಿಂದು, ದುಡ್ಡು ಎಷ್ಟು ಅಂತ ಕೇಳುತ್ತಾರೆ. ನಮ್ಮವರು ತೆಗೆದುಕೊಳ್ಳುವುದಿಲ್ಲ ಅನ್ನುವುದು ಬೇರೆ ಮಾತು.

ಸುತ್ತ ಇರುವ ಊರುಗಳನ್ನು ನೋಡಿ ಸ್ವಾಮಿ. ಶ್ರೀರಂಗಪಟ್ಟಣದ ಕೋಟೆ, 1784ರ ದರಿಯಾ ದೌಲತ್, ದಿವಾನ್ ಪೂರ್ಣಯ್ಯನವರ ಕಾಲದಲ್ಲಿ 1804ಕ್ಕೆ ಎದ್ದುನಿಂತ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬ, ಕರಿಘಟ್ಟದ ಬುಡದಲ್ಲಿ ಕಾವೇರಿ ಸೇರುವ ಲೋಕಪಾವನಿ, ಅತ್ತ ಪಾಂಡವಪುರದ ಕುಂತಿಬೆಟ್ಟ, ತೊಣ್ಣೂರು ಕೆರೆ. ಇವುಗಳ ನಡುವೆ ಗಾಡಿ ಗಲಾಟೆಯಿಲ್ಲದೆ ಓಡಾಡುವ ದಾರಿ ಹೊಸದಾಗಿ ಮಾಡಬೇಕಾಗಿಲ್ಲ. ನಮ್ಮ ರಾಜರು, ದಿವಾನರು ನೀರಿಗೋಸ್ಕರ ತೋಡಿಸಿದ ನಾಲೆಗಳ ಏರಿ ಆಗಲೇ ಇದೆ. ಬಂಗಾರದೊಡ್ಡಿ ನಾಲೆ ಕಂಠೀರವ ನರಸರಾಜ ಒಡೆಯರ ಕಾಲದ್ದು. ಅವರ ಕಟ್ಟೆಯಿಂದ ಹುಟ್ಟಿದ ನಡುಗಡ್ಡೆಗಳೇ ಇವತ್ತಿನ ರಂಗನತಿಟ್ಟು. ಚಿಕ್ಕದೇವರಾಯ ಸಾಗರ ನಾಲೆಗೆ ಮುನ್ನೂರು ವರ್ಷ ದಾಟಿದೆ. ಈಚಿನದು ಅಂದರೆ ವಿಶ್ವೇಶ್ವರಯ್ಯ ನಾಲೆ. ನಮ್ಮ ಅಜ್ಜ ಅದನ್ನು ಸಾಯುವ ತನಕ ಇರ್ವಿನ್ ನಾಲೆ ಅಂತಲೇ ಕರೆದ.

ನನ್ನ ಅಕ್ಕನ ಮಗ ಫ್ರಾನ್ಸಿನ ಟುಲೂಸ್‌ನಲ್ಲಿದ್ದಾನೆ. ಅವನು ಕಳಿಸುವ ಫೋಟೊ ನೋಡಿದರೆ ಹೊಟ್ಟೆ ಉರಿಯುತ್ತದೆ. ಅಲ್ಲೊಂದು ನಾಲೆ, ಕೆನಾಲ್ ದು ಮಿದಿ ಅಂತ ಹೆಸರು, 240 ಕಿಲೋಮೀಟರ್. ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದ ರಿಕೆ ಅನ್ನುವ ಆಸಾಮಿ ಮುಂದೆ ನಿಂತು 1666ರಲ್ಲಿ ತೋಡಲು ಶುರು ಮಾಡಿದ. 1681ಕ್ಕೆ ದೋಣಿ ಬಿಟ್ಟರು, ಆ ಹೊತ್ತಿಗೆ ಅವನೇ ಇರಲಿಲ್ಲ. ಹಿಂದೆ ಕುದುರೆಗಳು ದೋಣಿ ಎಳೆಯುತ್ತ ನಡೆಯುತ್ತಿದ್ದ ಏರಿಯ ಮೇಲೆ ಈಗ ಸೈಕಲ್. ಊರಿನ ಹತ್ತಿರ ಡಾಂಬರು ಹಾಕಿದ್ದಾರಂತೆ, ದೂರ ಹೋದ ಮೇಲೆ ಬರೀ ಮಣ್ಣು, ಗ್ರಾವೆಲ್. ಅದರಲ್ಲೇ ಹೋದರೆ ಕಾರ್ಕಾಸೋನ್ ಕೋಟೆಯೂರು ಸಿಗುತ್ತದೆ. ಯುನೆಸ್ಕೊ 1996ರಲ್ಲಿ ಆ ನಾಲೆಯನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಅಲ್ಲಿ ರಿಕೆ ನಾಲೆ ತೋಡಿಸಿದ ಆಸುಪಾಸಿನಲ್ಲೇ, 1673ರಿಂದ 1704ರ ತನಕ, ಇಲ್ಲಿ ಆಳುತ್ತಿದ್ದವರು ಚಿಕ್ಕದೇವರಾಯ ಸಾಗರ ನಾಲೆ ತೋಡಿಸಿದ ಚಿಕ್ಕದೇವರಾಜ ಒಡೆಯರು. ಅಂದರೆ ನಮ್ಮ ನಾಲೆ ಅವರದಕ್ಕಿಂತ ಒಂದು ಕೂದಲೆಳೆಯೂ ಕಡಿಮೆಯದಲ್ಲ. ಅವರು ಏರಿಯಲ್ಲಿ ಮೋಟಾರು ಗಾಡಿ ತಡೆದು ಸೈಕಲ್ ಬಿಟ್ಟಿದ್ದಾರೆ. ನಾವು ಸೈಕಲ್ ತಡೆದು ಟಿಪ್ಪರ್ ಬಿಟ್ಟಿದ್ದೇವೆ.

ಏರಿ ಬಿಟ್ಟು ರಸ್ತೆಯಲ್ಲಿ ಹೋಗಿ ಅನ್ನುವವರಿಗೂ ಎರಡು ಮಾತು ಹೇಳಬೇಕು. ಯಾವ ರಸ್ತೆ? 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಗೆ ಹಾರ ತುರಾಯಿ ಹಾಕಿ ಉದ್ಘಾಟನೆ ಆಯಿತು. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಜೊತೆ ಸೈಕಲ್‌ಗೂ ಅದರ ಮುಖ್ಯ ರಸ್ತೆ ಮುಚ್ಚಿತು. ಹೋಗಲಿ, ಅಷ್ಟು ವೇಗದ ಗಾಡಿಗಳ ನಡುವೆ ನಮಗೂ ಹೋಗುವ ಆಸೆ ಇಲ್ಲ. ಆದರೆ ನಮಗೆ ಉಳಿದದ್ದು ಸರ್ವಿಸ್ ರಸ್ತೆ. ಅಲ್ಲಿ ಕಬ್ಬಿನ ಟ್ರ್ಯಾಕ್ಟರ್ ಎದುರು ದಿಕ್ಕಿನಿಂದ ಬರುತ್ತದೆ, ಖಾಸಗಿ ಬಸ್ಸು ಹಿಂದಿನಿಂದ ಬರುತ್ತದೆ, ನಡುವೆ ಸಿಕ್ಕವನು ಚರಂಡಿಗೆ ಇಳಿಯಬೇಕು. ಚರಂಡಿ ಕಲ್ಲಿಗೆ ಬಡಿದು ರಿಮ್ಮು ಎಂಟಿನ ಆಕಾರ ಆದ ಸೈಕಲ್‌ಗಳು ನನ್ನ ಅಂಗಡಿಗೆ ಬರುತ್ತಲೇ ಇವೆ. ಬೆಂಡ್ ತೆಗೆದು ಕೊಡುತ್ತೇನೆ. ಸವಾರನ ಮೊಣಕೈಯ ಬೆಂಡ್ ತೆಗೆಯುವವರು ಯಾರು? ಹೆದ್ದಾರಿಯಿಂದ ಓಡಿಸಿದರು, ಸರ್ವಿಸ್ ರಸ್ತೆಯಲ್ಲಿ ಬದುಕಲು ಬಿಡಲಿಲ್ಲ, ಉಳಿದಿದ್ದ ಒಂದು ಮಣ್ಣು ದಾರಿಗೂ ಈಗ ಬೀಗ.

ಮಕ್ಕಳ ವಿಷಯ ಬರೆಯದಿದ್ದರೆ ತಪ್ಪಾಗುತ್ತದೆ. ಇದೇ ಸರ್ಕಾರಿ ವ್ಯವಸ್ಥೆ 2006–07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ನನ್ನ ಕಸುಬಿಗೆ ಅದರಿಂದ ಪುಣ್ಯ ಬಂತು, ಸುಳ್ಳು ಹೇಳಲಾರೆ. ಅದಕ್ಕಿಂತ ಹೆಚ್ಚಾಗಿ, ನಾಲೆಯಾಚೆಯ ಹಳ್ಳಿಗಳ ಹೆಣ್ಣುಮಕ್ಕಳು ಹೈಸ್ಕೂಲಿಗೆ ಬಂದರು. ಬಂದದ್ದು ಇದೇ ಏರಿಯ ಮೇಲೆ. ಕೋವಿಡ್ ವರ್ಷ ಆ ಯೋಜನೆಯೂ ನಿಂತಿತು. ಅಕ್ಕನ ಹಳೆಯ ಸೈಕಲ್ ತಂಗಿಗೆ ಬಂದಿದೆ. ಈಗ ಆ ತಂಗಿ ಬೆನ್ನಿಗೆ ಬ್ಯಾಗು ಹಾಕಿಕೊಂಡು, ಗುಂಡಿಗೆ ಇಳಿದು, ಮುಳ್ಳು ತಪ್ಪಿಸಿ ಸೈಕಲ್ ಎತ್ತಿಕೊಂಡು ದಾಟುತ್ತಾಳೆ. ಯೂನಿಫಾರ್ಮ್ ಹರಿದುಕೊಂಡು ಅಂಗಡಿ ಮುಂದೆ ಅಳುತ್ತ ನಿಂತವಳಿಗೆ ನನ್ನ ಹೆಂಡತಿ ಸೂಜಿ ದಾರ ಹುಡುಕಿ ಕೊಟ್ಟಳು. ಈ ಹುಡುಗಿಯದೂ ಶೋಕಿಯೇ?

ಸೈಕಲ್ ಶಾಪಿನವನಿಗೆ ವ್ಯಾಪಾರ ಹೋಯಿತು, ಅದಕ್ಕೆ ಕೂಗುತ್ತಿದ್ದಾನೆ ಅಂತ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು ಬರೆದಿದ್ದಾರೆ. ಹೌದು, ಹೋಗಿದೆ. ಭಾನುವಾರ ಪಂಕ್ಚರ್, ಚೈನಿಗೆ ಎಣ್ಣೆ ಅಂತ ನನಗೆ ನಾಲ್ಕು ಕಾಸು, ಎಳನೀರಿನವರಿಗೆ ನಾಲ್ಕು ಕಾಸು, ತಟ್ಟೆ ಇಡ್ಲಿ ಹೋಟೆಲಿನವರಿಗೆ ನಾಲ್ಕು ಕಾಸು ಆಗುತ್ತಿತ್ತು. ಅದು ಅಪರಾಧ ಅಂತ ನನಗೆ ಗೊತ್ತಿರಲಿಲ್ಲ. ಮಣ್ಣು ಹೊಡೆಸುವವರಿಗೆ ಎಷ್ಟು ಕಾಸು ಆಗುತ್ತಿದೆ ಅಂತಲೂ ಆ ಗುಂಪಿನಲ್ಲೇ ಲೆಕ್ಕ ಹಾಕಿದರೆ ಚೆನ್ನಾಗಿತ್ತು.

ವೇದಿಕೆಯ ಮೇಲೆ ಸೈಕಲ್ ಕಂಡರೆ ಅಧಿಕಾರದಲ್ಲಿರುವವರಿಗೆ ಎಲ್ಲಿಲ್ಲದ ಪ್ರೀತಿ. 2017ರಲ್ಲಿ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಬಂದಾಗ ಎಲ್ಲರೂ ಒಂದು ಸುತ್ತು ತುಳಿದು ಫೋಟೊ ತೆಗೆಸಿಕೊಂಡರು. ಪ್ರವಾಸೋದ್ಯಮ ದಿನ ಬಂದರೆ ಟಿ–ಶರ್ಟು, ಹಸಿರು ನಿಶಾನೆ, ಜಾಥಾ. ಮುಂದಿನ ಸಲ ಆ ನಿಶಾನೆಯನ್ನು ನಮ್ಮ ಗೇಟಿನ ಹತ್ತಿರ ಬಂದು ತೋರಿಸಲಿ. ಬರುವಾಗ ದಪ್ಪ ಅಟ್ಟೆಯ ಬೂಟು ಹಾಕಿಕೊಂಡು ಬರಬೇಕಾಗಿ ವಿನಂತಿ, ಏರಿಯುದ್ದಕ್ಕೂ ಒಡೆದ ಬಿಯರ್ ಬಾಟಲಿ ಬಿದ್ದಿದೆ. ರಾತ್ರಿ ಕುಡಿಯುವವರಿಗೂ ಕೋಳಿ ಅಂಗಡಿ ತ್ಯಾಜ್ಯ ಸುರಿಯುವವರಿಗೂ ಈ ಗೇಟು ಅಡ್ಡಿಯಾಗಿಲ್ಲ.

ನಾವು ಕೇಳುತ್ತಿರುವುದು ಕೋಟಿಗಟ್ಟಲೆ ಯೋಜನೆಯಲ್ಲ. ಡಾಂಬರು ಬೇಡವೇ ಬೇಡ. ಹಾಕಿದ ದಿನದಿಂದಲೇ ಕಾರುಗಳು ನುಗ್ಗುತ್ತವೆ. ಗೇಟು ತೆಗೆದು ಮೂರು ಕಲ್ಲುಕಂಬ ನೆಡಿ, ಸೈಕಲ್ ಮತ್ತು ನಡೆಯುವವರು ದಾಟುವಷ್ಟು ಸಂದು ಬಿಡಿ. ತಪಾಸಣೆಯ ಜೀಪಿಗೆ ಬೇಕಾದರೆ ನಡುವಿನ ಕಂಬ ಕಳಚುವ ಹಾಗೆ ಮಾಡಿಕೊಳ್ಳಿ. ಗುಂಡಿ ಮುಚ್ಚಿ, ಮುಳ್ಳು ತೆಗೆಯಿರಿ, ಚಪ್ಪಡಿ ಜಾರಿದ ಕಡೆ ಮಳೆಗಾಲಕ್ಕೆ ಮೊದಲು ರಿಪೇರಿ ಮಾಡಿಸಿ.

ನಿಮ್ಮ ವರದಿಗಾರರಿಗೆ ಇನ್ನೊಂದು ಸಲ ಬರಲು ಹೇಳಿ, ಈ ಸಲ ಬೆಳಿಗ್ಗೆ ಆರು ಗಂಟೆಗೆ. ಆ ಬೀಗಕ್ಕೆ ಎಷ್ಟು ಕೀಲಿ ಮಾಡಿಸಿದ್ದಾರೆ, ಒಂದು ಕೀಲಿ ಮಣ್ಣಿನ ಗುತ್ತಿಗೆದಾರರ ಹತ್ತಿರ ಯಾಕಿದೆ ಅಂತ ಕೇಳಿ ಬರೆಯಲಿ. ನಾವು ಕೇಳಿದರೆ ಅರ್ಜಿ ಕೊಡಿ ಅನ್ನುತ್ತಾರೆ. ಕೊಟ್ಟಿದ್ದೇವೆ. ಸ್ವೀಕೃತಿಯ ನಕಲನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ.

ಇತಿ,
ಒಬ್ಬ ಸೈಕಲ್ ಶಾಪಿನವ,
ಶ್ರೀರಂಗಪಟ್ಟಣ ತಾಲ್ಲೂಕು