ಸಂಪರ್ಕ ಕಡಿದ ಮೇಲಿನ ಕೋಷ್ಟಕ

ಕಾಲೇಜುಗಳು ಪ್ರವೇಶ ಮತ್ತು ಪರೀಕ್ಷೆಯ ತಂತ್ರಾಂಶವನ್ನು ಬದಲಿಸುವಾಗ ಹಳೆಯ ಡೇಟಾಬೇಸಿನ ಸಂಪರ್ಕವನ್ನು ಕಡಿಯುವುದು ಅನಿವಾರ್ಯ. ವರ್ಷಗಟ್ಟಲೆ ಅದರಿಂದಲೇ ಮಾಹಿತಿ ಪಡೆಯುತ್ತಿದ್ದ ಎಕ್ಸೆಲ್ ಪಿವೋಟ್ ಕೋಷ್ಟಕಗಳ ಗತಿಯೇನೆಂಬ ಪ್ರಶ್ನೆಯನ್ನು ಕಚೇರಿಯ ಕಂಪ್ಯೂಟರ್ ಸಹಾಯಕರಿಗೆ ಬಿಟ್ಟು ಸುಮ್ಮನಾಗುವುದು ರೂಢಿಯಾಗಿದೆ. ಗಡಿಯಾಚೆಯ ಕನ್ನಡ ವಿಭಾಗಗಳಿಗೆ ಈ ರೂಢಿ ಒಳಿತಲ್ಲ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳೆಷ್ಟು, ಅವರಲ್ಲಿ ಕನ್ನಡವನ್ನು ಆಯ್ದುಕೊಂಡವರೆಷ್ಟು, ಯಾವ ತಾಲೂಕಿನವರು ಎಂಬ ಲೆಕ್ಕವೇ ಹುದ್ದೆಯನ್ನು ಉಳಿಸಿಕೊಳ್ಳಲು ವಿಭಾಗದ ಕೈಯಲ್ಲಿರುವ ವಾದ. ಆ ಲೆಕ್ಕವನ್ನು ಹೊರಗಿನಿಂದ ಮರಳಿ ಕೂಡಿಸುವುದೂ ಸುಲಭವಲ್ಲ. ಸೊಲ್ಲಾಪುರ ಜಿಲ್ಲೆಯ ಕಾಲೇಜುಗಳು 2004ರವರೆಗೆ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದ್ದವು, ಅನಂತರ ಸೊಲ್ಲಾಪುರ ವಿಶ್ವವಿದ್ಯಾಲಯಕ್ಕೆ. ಜತ್ತ ಭಾಗದವು ಇಂದಿಗೂ ಶಿವಾಜಿಯ ವ್ಯಾಪ್ತಿಯಲ್ಲಿವೆ.

ಸಂಪರ್ಕ ಕಡಿದ ಕ್ಷಣದಲ್ಲಿಯೇ ಕೋಷ್ಟಕ ಸಾಯುತ್ತದೆಂಬುದು ಸಾಮಾನ್ಯ ಭಯ. ಹಾಗಾಗುವುದಿಲ್ಲ. ಮರಾಠಿಯಲ್ಲಿ 'ದಪ್ತರ' ಎಂಬ ಪದಕ್ಕೆ ದಾಖಲೆಗಳ ಭಂಡಾರವೆಂಬ ಅರ್ಥವೂ ಇದೆ, ಶಾಲಾ ಮಕ್ಕಳ ಪುಸ್ತಕದ ಚೀಲವೆಂಬ ಅರ್ಥವೂ ಇದೆ. ಪುಣೆಯ ಪೇಶವೆ ದಪ್ತರ ಮೊದಲ ಬಗೆಯದು. ಪಿವೋಟ್ ಕೋಷ್ಟಕ ಹೊತ್ತಿರುವುದು ಎರಡನೆಯ ಬಗೆಯದು. ಡೇಟಾಬೇಸಿನಿಂದ ಕೊನೆಯ ಬಾರಿ ತಂದ ದಾಖಲೆಗಳ ಪ್ರತಿಯೊಂದನ್ನು ಅದು ಕಡತದೊಳಗೆ ಇರಿಸಿಕೊಂಡಿರುತ್ತದೆ. ಇದಕ್ಕೆ ಪಿವೋಟ್ ಕ್ಯಾಶ್ ಎಂದು ಹೆಸರು. ಸಾಲು, ಕಂಬಗಳನ್ನು ಅದಲುಬದಲು ಮಾಡುವುದು, ಸೋಸುವುದು, ಮೊತ್ತಕ್ಕೆ ಬದಲಾಗಿ ಸರಾಸರಿ ಕೇಳುವುದು, ಇವೆಲ್ಲ ಆ ಚೀಲದ ಬಲದಿಂದಲೇ ನಡೆಯುತ್ತವೆ. ಸಂಪರ್ಕವಿಲ್ಲದೆ ನಡೆಯದಿರುವುದು ರಿಫ್ರೆಶ್ ಒಂದೇ.

ಆದರೆ ಚೀಲ ಬರಿದಾಗಿರಲೂಬಹುದು. ಪಿವೋಟ್ ಟೇಬಲ್ ಆಪ್ಷನ್ಸ್‌ನ ಡೇಟಾ ವಿಭಾಗದಲ್ಲಿ 'ಸೇವ್ ಸೋರ್ಸ್ ಡೇಟಾ ವಿತ್ ಫೈಲ್' ಎಂಬ ಗುರುತನ್ನು ಯಾರಾದರೂ ಕಡತದ ಗಾತ್ರ ತಗ್ಗಿಸಲೆಂದು ತೆಗೆದಿದ್ದರೆ, ಮುಚ್ಚಿ ಮತ್ತೆ ತೆರೆದಾಗ ಅಂಕಿಗಳು ಕಾಣುತ್ತವೆ, ಅಲುಗಾಡಿಸಲು ಬರುವುದಿಲ್ಲ. ಕಡತ ತೆರೆದಾಗಲೆಲ್ಲ ರಿಫ್ರೆಶ್ ಆಗಲೆಂಬ ಗುರುತಿದ್ದರೆ ಇಲ್ಲದ ಡೇಟಾಬೇಸನ್ನು ಹುಡುಕಿ ದೋಷದ ಸೂಚನೆ ಬರುತ್ತದೆ. ಓಲ್ಯಾಪ್ ಸರ್ವರಿಗೆ ಜೋಡಿಸಿದ ಕೋಷ್ಟಕಗಳಲ್ಲಂತೂ ದಾಖಲೆಗಳು ಕಡತದೊಳಗೆ ಬಂದಿರುವುದೇ ಇಲ್ಲ. ಈ ಪರಿಶೀಲನೆ ಸಂಪರ್ಕ ಕಡಿಯುವ ಮೊದಲೇ ಆಗಬೇಕು.

ಇಷ್ಟಾದರೂ ಕ್ಯಾಶ್ ಒಂದನ್ನೇ ನಂಬಿ ಕೂರುವುದು ಅವಿವೇಕ. ಕಣ್ಣಿಗೆ ಕಾಣದ ದಾಖಲೆಯನ್ನು ಯಾರೂ ತಾಳೆ ನೋಡಲಾರರು. ಕೊನೆಯ ರಿಫ್ರೆಶ್ ಮುಗಿಸಿ, ಎಲ್ಲ ಸೋಸುಗಳನ್ನೂ ತೆಗೆದು, ಒಟ್ಟು ಮೊತ್ತದ ಮನೆಯ ಮೇಲೆ ಎರಡು ಬಾರಿ ಒತ್ತಿದರೆ ಮೂಲ ದಾಖಲೆಗಳು ಎಲ್ಲ ಅಂಕಣಗಳೊಡನೆ ಹೊಸ ಹಾಳೆಯಲ್ಲಿ ತೆರೆದುಕೊಳ್ಳುತ್ತವೆ. ಡೇಟಾ ಮಾಡೆಲ್ ಮೇಲೆ ಕಟ್ಟಿದ ಕೋಷ್ಟಕವಾದರೆ ಸಾಮಾನ್ಯವಾಗಿ ಮೊದಲ 1000 ಸಾಲುಗಳು ಮಾತ್ರ ಬರುವುದರಿಂದ ಎಣಿಸಿ ನೋಡುವುದು ಅಗತ್ಯ. ಆ ಹಾಳೆಯ ಮೇಲೆ ಹೊಸ ಪಿವೋಟ್ ಕಟ್ಟಿದರೆ ಹೊರಗಿನ ಯಾವ ಹಂಗೂ ಉಳಿಯದು. ರಿಫ್ರೆಶ್ ಕೂಡ ನಡೆಯುತ್ತದೆ, ತಪ್ಪು ನಮೂದನ್ನು ತಿದ್ದಲೂ ಬರುತ್ತದೆ.

ಇದೇ ಸೌಕರ್ಯದಲ್ಲಿ ಅಪಾಯವೂ ಇದೆ, ಮತ್ತು ಅದರ ಚರ್ಚೆ ಕಾಲೇಜುಗಳಲ್ಲಿ ಸಾಲದು. ಲಂಡನ್ನಿನ ಇಸ್ಲಿಂಗ್ಟನ್ ಪುರಸಭೆ 2012ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಸ್ಪ್ರೆಡ್‌ಶೀಟುಗಳನ್ನು ಕಳುಹಿಸಿತು. ಮೇಲ್ನೋಟಕ್ಕೆ ಮೊತ್ತಗಳಷ್ಟೇ ಇದ್ದ ಪಿವೋಟ್ ಕೋಷ್ಟಕಗಳ ಹಿಂದೆ 2,000ಕ್ಕೂ ಹೆಚ್ಚು ನಿವಾಸಿಗಳ ವೈಯಕ್ತಿಕ ವಿವರಗಳು ಅಡಗಿದ್ದವು. ಮರುವರ್ಷ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 70,000 ಪೌಂಡ್ ದಂಡ ವಿಧಿಸಿತು. ಪ್ರವೇಶದ ದಾಖಲೆಯಲ್ಲಿ ಜಾತಿಯಿದೆ, ಮೊಬೈಲ್ ಸಂಖ್ಯೆಯಿದೆ, ಪಾಲಕರ ವರಮಾನವಿದೆ. ಮಾಧ್ಯಮವಾರು ಸಂಖ್ಯೆಗಳನ್ನು ಮಾತ್ರ ಕೇಳಿದ ಸಮಿತಿಗೆ ಇಡೀ ಪಿವೋಟ್ ಕಡತವನ್ನು ಮಿಂಚಂಚೆಯಲ್ಲಿ ತಳ್ಳುವವರು ಆ ಹುಡುಗ ಹುಡುಗಿಯರ ಮನೆಯ ಸಂಗತಿಗಳನ್ನೂ ಜೊತೆಗೆ ತಳ್ಳಿದಂತಾಗುತ್ತದೆ.

ಆದ್ದರಿಂದ ಪ್ರತಿಗಳು ಎರಡಿರಬೇಕು. ಹೊರಗೆ ಕಳುಹಿಸುವುದರಲ್ಲಿ ಕೋಷ್ಟಕವನ್ನು ನಕಲು ಮಾಡಿ ಹೊಸ ಕಡತದಲ್ಲಿ 'ಪೇಸ್ಟ್ ವ್ಯಾಲ್ಯೂಸ್' ಮೂಲಕ ಬರಿಯ ಅಂಕಿಗಳನ್ನಷ್ಟೇ ಅಂಟಿಸಬೇಕು. ದಾಖಲೆಗಳಿರುವ ಪ್ರತಿ ಗುಪ್ತಪದದೊಡನೆ ವಿಭಾಗದಲ್ಲಿಯೇ ಉಳಿಯಬೇಕು. ಅದರ ಮೊದಲ ಹಾಳೆಯಲ್ಲಿ ಕೊನೆಯ ರಿಫ್ರೆಶ್ ಆದ ದಿನಾಂಕ, ಸಾಲುಗಳ ಸಂಖ್ಯೆ, ಪ್ರತಿಯೊಂದು ಅಂಕಣದ ಅರ್ಥ ಇವನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆದಿಡಬೇಕು. ಕಚೇರಿಯ ಸಹಾಯಕರು ಮರಾಠಿ ಓದುವವರು, ಲೆಕ್ಕವನ್ನು ಮುಂದೊಮ್ಮೆ ಹುಡುಕಿಕೊಂಡು ಬರುವವರು ಬಹುಶಃ ಕನ್ನಡ ಓದುವವರು.