ಕುರುಕ್ಷೇತ್ರ ರಾತ್ರಿ ಆಡಬಹುದು, ಟೆಸ್ಟ್ ಮ್ಯಾಚ್ ಆಡಬಾರದಾ?

ಮೊನ್ನೆ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಊರು ಅಂದರೆ ಹನಕೆರೆ. ಮದ್ದೂರು ದಾಟಿ ಮಂಡ್ಯ ಸಿಗುವ ಮೊದಲು ಬರುವ ಸಣ್ಣ ರೈಲ್ವೆ ಸ್ಟೇಷನ್, ನೀವು ಮೈಸೂರಿಗೆ ಹೋಗುವಾಗ ಕಿಟಕಿಯಿಂದ ನೋಡಿರುತ್ತೀರಿ. ಒಬ್ಬಟ್ಟು ತಿಂದು ಜಗಲಿ ಮೇಲೆ ಕೂತವರ ಮಾತು ಕಬ್ಬಿನ ರೇಟು, ನಾಲೆ ನೀರು ಎಲ್ಲಾ ಮುಗಿಸಿಕೊಂಡು ಕ್ರಿಕೆಟ್ಟಿಗೆ ಬಂತು. ಪಿಂಕ್ ಬಾಲ್ ಟೆಸ್ಟ್ ವಿಷಯ ಎತ್ತಿದವನು ನಾನೇ. ಚಿಕ್ಕಪ್ಪ ಒಂದೇ ಮಾತಲ್ಲಿ ಕತ್ತರಿಸಿದರು.

"ಟೆಸ್ಟ್ ಮ್ಯಾಚ್ ಅಂದ್ರೆ ಹಗಲೊತ್ತು ಆಡೋದು ಕಣ್ಲಾ. ರಾತ್ರಿ ಲೈಟ್ ಹಾಕ್ಕಂಡು ಆಡಕ್ಕೆ ಅದೇನ್ ನಾಟ್ಕನಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಬೆಂಗಳೂರಿಗೆ ವಾಪಸ್ ಬರುವಾಗ ದಾರಿಯುದ್ದಕ್ಕೂ ಆ ಮಾತು ತಲೆಯಲ್ಲೇ ಕೊರೆಯುತ್ತಿತ್ತು. ಚಿಕ್ಕಪ್ಪನ ಅಭಿಪ್ರಾಯವನ್ನು ಸುಲಭವಾಗಿ ತಳ್ಳಿಹಾಕುವ ಹಾಗಿಲ್ಲ. ಅವರು ಟೆಸ್ಟ್ ಕ್ರಿಕೆಟ್ಟನ್ನು ನನಗಿಂತ ಹೆಚ್ಚು ಪ್ರೀತಿಸುವವರು.

ನನಗೆ ಮೊದಲು ನೆನಪಿರುವ ಟೆಸ್ಟ್ ಮ್ಯಾಚ್ 1987ರ ಮಾರ್ಚ್ ತಿಂಗಳದ್ದು. ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಪಾಕಿಸ್ತಾನದ ವಿರುದ್ಧ. ಗೆಲ್ಲೋಕೆ 221 ಬೇಕು, ಪಿಚ್ಚು ಬುಗುರಿಯ ಹಾಗೆ ತಿರುಗುತ್ತಿದೆ, ಗವಾಸ್ಕರ್ ಒಬ್ಬರೇ ನಿಂತಿದ್ದಾರೆ. ನಮ್ಮ ಆಲೆಮನೆಯಲ್ಲಿ ಆ ದಿನ ಬೆಲ್ಲ ಕಾಯಿಸುತ್ತಿದ್ದರು. ಕೊಪ್ಪರಿಗೆಯಿಂದ ಸ್ವಲ್ಪ ದೂರದಲ್ಲಿ ಗೂಟಕ್ಕೆ ನೇತುಹಾಕಿದ್ದ ರೇಡಿಯೋ. ಇಂಗ್ಲಿಷು ಹಿಂದಿ ಎರಡೂ ಅಪ್ಪನಿಗೆ ಅಷ್ಟಕ್ಕಷ್ಟೆ, ಆದರೂ ಸ್ಕೋರು ಮಾತ್ರ ತಪ್ಪದೆ ಗೊತ್ತಾಗುತ್ತಿತ್ತು. ಗವಾಸ್ಕರ್ 96ಕ್ಕೆ ಔಟಾದರು, ನಾವು 16 ರನ್ನಿಂದ ಸೋತೆವು. ಅದೇ ಅವರ ಕೊನೆಯ ಟೆಸ್ಟ್. ಆ ಅಡಿಗೆ ಬೆಲ್ಲ ಸ್ವಲ್ಪ ಸೀದು ಹೋಗಿತ್ತು ಅಂತ ಅಮ್ಮ ಈಗಲೂ ಆಡಿಕೊಳ್ಳುತ್ತಾರೆ :-)

ಇದನ್ನು ಯಾಕೆ ಹೇಳಿದೆ ಅಂದರೆ, ಹಗಲಿನ ಟೆಸ್ಟ್ ಮ್ಯಾಚು ದುಡಿಯುವ ಮನುಷ್ಯನಿಗೆ ದಕ್ಕುತ್ತಿದ್ದದ್ದು ರೇಡಿಯೋದಿಂದ. ಕಿವಿ ಅಲ್ಲಿ, ಕೈ ಕೆಲಸದಲ್ಲಿ. ಈಗ ನಮ್ಮ ಮನೆಯಲ್ಲಿ ರೇಡಿಯೋ ಇಲ್ಲ, ಟೀವಿ ಇದೆ, ಎಲ್ಲರ ಕೈಲೂ ಮೊಬೈಲ್ ಇದೆ. ಇವು ಕಣ್ಣನ್ನು ಕೇಳುತ್ತವೆ. ಗದ್ದೆಯಲ್ಲಿ ಇರುವವನು ಕಣ್ಣನ್ನು ಎಲ್ಲಿಂದ ಕೊಡೋದು? ಬೆಂಗಳೂರಿನ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಇರುವವಳು? ಬೆಳಿಗ್ಗೆ ಒಂಬತ್ತೂವರೆಗೆ ಶುರುವಾಗಿ ಸಂಜೆ ನಾಲ್ಕೂವರೆ ಐದಕ್ಕೆ ಮುಗಿಯುವ ಆಟವನ್ನು ಐದು ದಿನ ನೋಡೋಕೆ ಸಾಧ್ಯ ಇರೋದು ರಿಟೈರ್ ಆದವರಿಗೆ, ರಜೆ ಇರೋ ಮಕ್ಕಳಿಗೆ, ಮತ್ತೆ ಆಫೀಸಿನಲ್ಲಿ ಕದ್ದು ನೋಡೋ ನನ್ನಂಥವರಿಗೆ.

ಹಾಗಾಗಿ ನಾನು ಹೊನಲು ಬೆಳಕಿನ ಟೆಸ್ಟ್ ಪರ. ಆದರೆ ಕಣ್ಣು ಮುಚ್ಚಿಕೊಂಡು ಅಲ್ಲ.

ಇದು ತೀರಾ ಹೊಸ ಐಡಿಯಾ ಏನಲ್ಲ. 1997ರಲ್ಲೇ ಗ್ವಾಲಿಯರ್‌ನಲ್ಲಿ ಮುಂಬೈ-ದೆಹಲಿ ರಣಜಿ ಫೈನಲ್ ಲೈಟ್ ಹಾಕಿಕೊಂಡು ಬಿಳಿ ಚೆಂಡಲ್ಲಿ ಆಡಿದ್ದರು. ಮೊದಲ ಹೊನಲು ಬೆಳಕಿನ ಟೆಸ್ಟ್ ನಡೆದದ್ದು 2015ರ ನವೆಂಬರ್‌ನಲ್ಲಿ, ಅಡಿಲೇಡ್‌ನಲ್ಲಿ. ಮೂರೇ ದಿನಕ್ಕೆ ಮುಗಿದರೂ ಒಂದು ಲಕ್ಷ ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ನಮ್ಮಲ್ಲಿ ಮೊದಲನೆಯದು 2019ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ, ಬಾಂಗ್ಲಾದೇಶದ ವಿರುದ್ಧ. ಆಮೇಲೆ 2021ರಲ್ಲಿ ಅಹಮದಾಬಾದ್. ಮೂರನೆಯದು ನಮ್ಮ ಚಿನ್ನಸ್ವಾಮಿಯಲ್ಲಿ, 2022ರ ಮಾರ್ಚ್ 12ರಿಂದ, ಶ್ರೀಲಂಕಾ ವಿರುದ್ಧ.

ಆ ಮ್ಯಾಚಿನ ಭಾನುವಾರ ನಾನು ಸ್ಟೇಡಿಯಂನಲ್ಲಿದ್ದೆ. ಮಧ್ಯಾಹ್ನ ಎರಡಕ್ಕೆ ಆಟ ಶುರು. ರಿಷಭ್ ಪಂತ್ 28 ಎಸೆತಕ್ಕೆ ಐವತ್ತು ಹೊಡೆದು, ಕಪಿಲ್ ದೇವ್ 1982ರಲ್ಲಿ ಕರಾಚಿಯಲ್ಲಿ 30 ಎಸೆತಕ್ಕೆ ಹೊಡೆದಿದ್ದ ಭಾರತದ ದಾಖಲೆ ಮುರಿದದ್ದು ಅವತ್ತೇ. ನನ್ನ ಪಕ್ಕದಲ್ಲಿ ಕೂತಿದ್ದವರು ಕೆಂಗೇರಿ ಕಡೆಯ ಒಬ್ಬ ಆಟೋ ಡ್ರೈವರ್, ಜೊತೆಗೆ ಹತ್ತು ವರ್ಷದ ಮಗಳು. "ಬೆಳಿಗ್ಗೆ ಬಾಡಿಗೆ ಹೊಡೆದು ಬಂದೆ ಸಾರ್, ಟೆಸ್ಟ್ ಮ್ಯಾಚ್ ಇದೇ ಫಸ್ಟು ನೋಡ್ತಿರೋದು" ಅಂದರು. ಅರ್ಧ ದಿನದ ಸಂಪಾದನೆ ಕಳೆದುಕೊಳ್ಳದೆ ಟೆಸ್ಟ್ ನೋಡಿದ ಮನುಷ್ಯ! ಬೇರೆ ಯಾವ ವಾದಕ್ಕಿಂತಲೂ ಅವರ ಈ ಮಾತೇ ನನಗೆ ದೊಡ್ಡದಾಗಿ ಕಾಣುತ್ತದೆ.

ಇನ್ನು ವಿರೋಧದ ಮಾತುಗಳಿಗೆ ಬರೋಣ.

ಮೊದಲನೆಯದು, ರಾತ್ರಿ ಆಟದಲ್ಲಿ ಬ್ಯಾಟಿಂಗ್ ಸತ್ತೇ ಹೋಗುತ್ತೆ, ಮ್ಯಾಚು ಬೇಗ ಮುಗಿಯುತ್ತೆ ಅನ್ನೋದು. ಇದರಲ್ಲಿ ಸತ್ಯ ಇದೆ. ಕೆಂಪು ಚೆಂಡು ಲೈಟಿನಲ್ಲಿ ಸರಿಯಾಗಿ ಕಾಣಲ್ಲ ಅಂತ ಗುಲಾಬಿ ಚೆಂಡು ತಂದರು. ಆ ಬಣ್ಣ ಉಳಿಯಲಿ ಅಂತ ಮೆರುಗು ಜಾಸ್ತಿ ಬಳಿದರು, ಚೆಂಡು ಸವೆಯಬಾರದು ಅಂತ ಪಿಚ್ ಮೇಲೆ ಹುಲ್ಲು ಬಿಟ್ಟರು. ದೀಪ ಹತ್ತಿದ ಮೇಲೆ ಚೆಂಡು ಹಾವಿನ ಹಾಗೆ ಆಡುತ್ತೆ. 2025ರ ಜುಲೈನಲ್ಲಿ ಜಮೈಕಾದಲ್ಲಿ ವೆಸ್ಟ್ ಇಂಡೀಸ್ 27ಕ್ಕೆ ಆಲೌಟ್ ಆಯಿತು, ಸ್ಟಾರ್ಕ್ 9 ರನ್ನಿಗೆ 6 ವಿಕೆಟ್. ಅದನ್ನು ನೋಡಿ ಖುಷಿಪಡೋಕೆ ನನಗೂ ಆಗಲಿಲ್ಲ.

ಆದರೆ ಎಲ್ಲಾ ಪಾಪವನ್ನೂ ದೀಪದ ತಲೆಗೆ ಕಟ್ಟಬೇಡಿ. 2020ರ ಡಿಸೆಂಬರ್‌ನಲ್ಲಿ ಅಡಿಲೇಡ್‌ನಲ್ಲಿ ನಾವು 36ಕ್ಕೆ ಉದುರಿದೆವಲ್ಲ, ಅದು ಹೊನಲು ಬೆಳಕಿನ ಟೆಸ್ಟ್ ನಿಜ, ಆದರೆ ಉದುರಿದ್ದು ಮಾತ್ರ ಮಧ್ಯಾಹ್ನದ ಬಿಸಿಲಿನಲ್ಲಿ. ಅಹಮದಾಬಾದ್ ಟೆಸ್ಟ್ ಎರಡೇ ದಿನಕ್ಕೆ ಮುಗಿಯಿತು, ಬಿದ್ದ 30 ವಿಕೆಟ್ಟಿನಲ್ಲಿ 28 ಸ್ಪಿನ್ನರ್‌ಗಳದು. ಚಿನ್ನಸ್ವಾಮಿಯಲ್ಲೂ ಮೊದಲ ದಿನವೇ 16 ವಿಕೆಟ್ ಬಿದ್ದವು. ಮ್ಯಾಚ್ ರೆಫ್ರಿ ಆಗಿದ್ದ ನಮ್ಮ ಜಾವಗಲ್ ಶ್ರೀನಾಥ್ ತನ್ನದೇ ಊರಿನ ಮೈದಾನ ಅಂತ ನೋಡದೆ ಪಿಚ್ಚಿಗೆ 'ಸಾಧಾರಣಕ್ಕಿಂತ ಕಡಿಮೆ' ಅಂತ ಮಾರ್ಕ್ ಕೊಟ್ಟರು. ಅವರು ಮಾರ್ಕ್ ಕಳೆದದ್ದು ಮಣ್ಣಿಗೆ, ಲೈಟಿಗೆ ಅಲ್ಲ. ಅದೇ ಪಿಚ್ಚಿನಲ್ಲಿ ಬುಮ್ರಾ ಐದು ವಿಕೆಟ್ ತೆಗೆದರು, ಶ್ರೇಯಸ್ ಅಯ್ಯರ್ 92 ಮತ್ತು 67 ಹೊಡೆದರು, ಕರುಣಾರತ್ನೆ ನಾಲ್ಕನೇ ಇನ್ನಿಂಗ್ಸಿನಲ್ಲಿ 107 ಹೊಡೆದರು. ಇನ್ನೊಂದು ವಿಷಯ, 2024ರ ಅಕ್ಟೋಬರ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಇದೇ ಚಿನ್ನಸ್ವಾಮಿಯಲ್ಲಿ ನಾವು 46ಕ್ಕೆ ಆಲೌಟ್ ಆದದ್ದು ಹಗಲಲ್ಲಿ, ಕೆಂಪು ಚೆಂಡಲ್ಲಿ!

ಆದರೂ ಒಂದು ಬೇಜಾರು ಹೇಳಿಕೊಳ್ಳಲೇಬೇಕು. 2022ರ ಆ ಸೋಮವಾರ ಆಫೀಸು ಮುಗಿಸಿ ಕೊನೆಯ ಸೆಷನ್ ನೋಡೋಣ ಅಂತ ಪ್ಲಾನ್ ಮಾಡಿದ್ದೆ. ಮೂರನೇ ದಿನದ ರಾತ್ರಿಗೆ ಆಟವೇ ಉಳಿಯಲಿಲ್ಲ. ಭಾರತ 238 ರನ್ನಿಂದ ಗೆದ್ದಾಗಿತ್ತು. ದುಡಿಯುವವರಿಗೆ ಅಂತ ರಾತ್ರಿ ಆಟ ಇಟ್ಟು, ಆ ರಾತ್ರಿ ಬರುವ ಮುಂಚೆ ಮುಗಿಯುವ ಪಿಚ್ ಮಾಡಿದರೆ ಅದು ಊಟಕ್ಕೆ ಕರೆದು ಎಲೆ ಎತ್ತಿದ ಹಾಗೆ.

ಎರಡನೆಯದು ಇಬ್ಬನಿ. ಚೆಂಡು ಒದ್ದೆಯಾದರೆ ಸ್ಪಿನ್ನರ್ ಬೆರಳಿಗೆ ಹಿಡಿತ ಸಿಗಲ್ಲ. ಸ್ಪಿನ್ನೇ ನಮ್ಮ ಬಲ. ಇದಕ್ಕೆ ಉತ್ತರ ಕ್ಯಾಲೆಂಡರಿನಲ್ಲಿದೆ. ನವೆಂಬರ್ ಡಿಸೆಂಬರ್ ಚಳಿಯಲ್ಲಿ ಇಟ್ಟು ಇಬ್ಬನಿಯನ್ನು ಬಯ್ಯೋದಕ್ಕಿಂತ ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ ಇಡಿ.

ಮೂರನೆಯದು ಮುಸ್ಸಂಜೆ. ನಮ್ಮೂರ ಹುಡುಗರು ಟೆನಿಸ್ ಬಾಲ್ ಟೂರ್ನಮೆಂಟ್ ನಡೆಸುವಾಗ ಹೊತ್ತು ಮುಳುಗೋ ಆ ಅರ್ಧ ಗಂಟೆ ಆಟ ನಿಲ್ಲಿಸಿ ಟೀ ಕುಡೀತಾರೆ, ಪೂರ್ತಿ ಕತ್ತಲಾದ ಮೇಲೆ ಫೋಕಸ್ ಲೈಟ್ ಹಾಕಿ ಮುಂದುವರಿಸ್ತಾರೆ. ಅವರಿಗೆ ಗೊತ್ತಿರೋದು ದೊಡ್ಡವರಿಗೆ ಗೊತ್ತಿಲ್ಲವಾ? ನಲವತ್ತು ನಿಮಿಷದ ದೊಡ್ಡ ವಿರಾಮವನ್ನು ಆ ಊರಿನ ಸೂರ್ಯಾಸ್ತಕ್ಕೆ ಸರಿಯಾಗಿ ಇಟ್ಟರೆ ಅರ್ಧ ತಕರಾರು ಮುಗಿಯಿತು.

ನಾಲ್ಕನೆಯದು ಜಗಲಿಯ ಮೂಲೆಯಿಂದ ಬಂದ ಮಾತು. "ನಮ್ಮ ಪಂಪ್‌ಸೆಟ್ಟಿಗೆ ನಟ್ಟಿರುಳಲ್ಲಿ ಕರೆಂಟ್ ಕೊಡ್ತಾರೆ, ಅವರಿಗೆ ಲೈಟ್ ಹಾಕ್ಕಂಡು ಆಡಕ್ಕೆ ಕರೆಂಟೈತಾ?" ಇದಕ್ಕೆ ನಾನು ತಲೆ ತಗ್ಗಿಸಿದೆ. ರಾತ್ರಿ ಹೊತ್ತು ಹಾವು ಚೇಳಿನ ಮಧ್ಯೆ ಕಬ್ಬಿಗೆ ನೀರು ಕಟ್ಟೋಕೆ ಹೋಗುವವರ ಮಾತು ಅದು. ಆದರೆ ಅದೇ ಲೈಟು ಪ್ರತಿ ಐಪಿಎಲ್‌ನಲ್ಲೂ ಉರಿಯುತ್ತೆ, ಆಗ ನಾವೇ ಟೀವಿ ಮುಂದೆ 'ಈ ಸಲ ಕಪ್ ನಮ್ದೇ' ಅಂತ ಕೂಗುತ್ತಿದ್ದೆವಲ್ಲ? ಚಿನ್ನಸ್ವಾಮಿಯ ಆ ದೀಪಗಳ ಕೆಳಗೆ ನಡೆದ ಮೊದಲ ಮ್ಯಾಚು 1996ರ ಮಾರ್ಚ್ 9ರ ವಿಶ್ವಕಪ್ ಕ್ವಾರ್ಟರ್ ಫೈನಲ್, ವೆಂಕಟೇಶ್ ಪ್ರಸಾದ್ ಅಮೀರ್ ಸೊಹೈಲ್‌ನ ಬೇಲ್ಸ್ ಹಾರಿಸಿದ್ದು. ಅವತ್ತು ಯಾರೂ ಕರೆಂಟ್ ಲೆಕ್ಕ ಕೇಳಲಿಲ್ಲ. ಹಗಲು ಕರೆಂಟ್ ಕೊಡಿ ಅಂತ ಕೇಳೋದು ನ್ಯಾಯ, ಅದನ್ನು ಜೋರಾಗಿಯೇ ಕೇಳೋಣ. ಆದರೆ ಟೆಸ್ಟ್ ಮ್ಯಾಚಿನ ಹತ್ತಿರ ಮಾತ್ರ ಕೇಳಿದರೆ ಆಗಲ್ಲ.

ಎಲ್ಲಾ ಟೆಸ್ಟನ್ನೂ ರಾತ್ರಿಗೆ ತಳ್ಳಿ ಅಂತ ನಾನು ಹೇಳಲ್ಲ. ಬೆಳಗಿನ ತೇವ, ಐದನೇ ದಿನದ ಬಿರುಕು, ಹಳೇ ಕೆಂಪು ಚೆಂಡಿನ ರಿವರ್ಸ್ ಸ್ವಿಂಗ್ ಎಲ್ಲಾ ಉಳಿಯಬೇಕು. ವರ್ಷಕ್ಕೆ ಒಂದು, ಒಳ್ಳೇ ಪಿಚ್ಚಲ್ಲಿ, ಸರಿಯಾದ ತಿಂಗಳಲ್ಲಿ ಆಡಿಸಿ. 2022ರ ಬೆಂಗಳೂರು ಟೆಸ್ಟ್ ಆದ ಮೇಲೆ 2025 ಮುಗಿಯುವವರೆಗೂ ಭಾರತದಲ್ಲಿ ಇನ್ನೊಂದು ಹೊನಲು ಬೆಳಕಿನ ಟೆಸ್ಟ್ ನಡೆಯಲೇ ಇಲ್ಲ. ಮೂರು ಮ್ಯಾಚು ಆಡಿಸಿ ಕೈ ತೊಳೆದುಕೊಂಡರೆ ಅದನ್ನು ಪ್ರಯೋಗ ಅನ್ನೋಕೂ ಆಗಲ್ಲ.

ಕೊನೆಗೆ ಚಿಕ್ಕಪ್ಪನ ಪ್ರಶ್ನೆ, 'ಅದೇನ್ ನಾಟ್ಕನಾ?' ಅಂತ. ಚಿಕ್ಕಪ್ಪ ಸ್ವತಃ ಕುರುಕ್ಷೇತ್ರದಲ್ಲಿ ಹತ್ತಾರು ಸಲ ಭೀಮನ ಪಾತ್ರ ಹಾಕಿದವರು. ರಾತ್ರಿ ಊಟ ಆದ ಮೇಲೆ ಬಣ್ಣ ಹಚ್ಚಿ, ಕೋಳಿ ಕೂಗೋ ಹೊತ್ತಿಗೆ ಗದೆ ಇಳಿಸಿದವರು. ನಮ್ಮ ಕಡೆ ನಾಟಕ ರಾತ್ರಿ ಯಾಕೆ ಆಡ್ತಾರೆ? ಹಗಲು ಎಲ್ಲರೂ ಗದ್ದೆಯಲ್ಲಿ ಇರ್ತಾರೆ ಅಂತ. ಊರು ಕೆಲಸ ಮುಗಿಸಿ ಬರೋವರೆಗೂ ಶಕುನಿ, ದುರ್ಯೋಧನ ಎಲ್ಲಾ ಕಾಯ್ತಾರೆ. ರಾತ್ರಿ ಆಡಿದರು ಅಂತ ಕುರುಕ್ಷೇತ್ರದ ಗತ್ತೇನೂ ಕಮ್ಮಿ ಆಗಿಲ್ಲ.

ಮುಂದಿನ ಹಬ್ಬಕ್ಕೆ ಹೋದಾಗ ಇದನ್ನೇ ಹೇಳಬೇಕು ಅಂದುಕೊಂಡಿದ್ದೀನಿ. ಗದೆ ಎತ್ತದಿದ್ದರೆ ಸಾಕು :-)